ಬಂದರಿನ ಮನೆಯಲ್ಲಿ ಇಂಡಿ ಬದನೆಕಾಯಿ

ಡಬ್ಬಿ ಅಲುಗಾಡಿಸಿದರೆ ಸರಪರ, ಸರಪರ ಎನ್ನುತ್ತಿತ್ತು. ಶೇಂಗಾ ಸಿಪ್ಪೆಯನ್ನು ಮೊರದಲ್ಲಿ ಹಾಕಿ ಕೇರುವಾಗ ಬರುವಂಥ ಸಪ್ಪಳ, ಆದರೆ ಅದಕ್ಕಿಂತ ಹಗುರ. ಈಗ ನನ್ನ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಕುಕ್ಕರಿನ ಸೀಟಿ ಎಷ್ಟಾಯಿತೆಂದು ಪಕ್ಕದವರನ್ನು ಕೇಳುತ್ತೇನೆ. ಆ ಡಬ್ಬಿಯ ಸಪ್ಪಳ ಮಾತ್ರ ಕಿವಿಯ ಹಂಗಿಲ್ಲದೆ ಕೇಳಿಸುತ್ತದೆ.

ವರ್ಷಕ್ಕೊಮ್ಮೆ, ಸಂಕ್ರಾಂತಿಯ ಹಿಂದೆ ಮುಂದೆ, ಇಂಡಿಯ ನಮ್ಮ ಮನೆಗೆ ಅದು ಪಾರ್ಸಲ್ಲಿನಲ್ಲಿ ಬರುತ್ತಿತ್ತು. ಮೇಲೆ ಬಿಳಿ ಬಟ್ಟೆಯ ಹೊಲಿಗೆ, ಹೊಲಿಗೆಯ ಮೇಲೆ ಅರಗಿನ ಮುದ್ರೆ, ದುಂಡನೆಯ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್‌ನಲ್ಲಿ ನನ್ನ ವಿಳಾಸ. ಒಳಗೆ ಇರುತ್ತಿದ್ದದ್ದು ಸಮುದ್ರದ ದಂಡೆಯಲ್ಲಿ ಬಿಸಿಲಿಗೆ ಒಣಗಿಸಿದ ಸಿಗಡಿ, ಕಳಿಸುವವರ ಮಾತಿನಲ್ಲಿ ಶೆಟ್ಲಿ. ನಮ್ಮದು ಬೆಳ್ಳುಳ್ಳಿ ಹಾಕಿದ ಒಗ್ಗರಣೆಯ ವಾಸನೆಯನ್ನೂ ಸೋಮವಾರ ಸಹಿಸದ ಮನೆ.

ಪೋಸ್ಟ್‌ಮ್ಯಾನ್ ಸೈಕಲ್ ಇಳಿಯುವ ಮೊದಲೇ ಮುಖ ಪಕ್ಕಕ್ಕೆ ತಿರುಗಿಸಿರುತ್ತಿದ್ದ.

"ಅಕ್ಕಾರ, ಏನ್ರಿ ಇದು, ವರ್ಷಾ ಬರತೈತಿ? ಔಷಧಾನ?"

"ಹೌದಪಾ. ಗಿಡಕ್ಕ ಹಾಕೂ ಔಷಧ."

"ಭಾರಿ ಕಡಕ್ ಐತ್ರಿ. ನನ್ನ ಚೀಲದಾಗಿನ ಮದವಿ ಪತ್ರಿಕಿಗೂಳೆಲ್ಲಾ ಇದರ ವಾಸನಿ ಹಿಡದಾವ."

ಅವನಿಗೆ ಹೇಳಿದ್ದು ಸುಳ್ಳಲ್ಲ. ಸುಳ್ಳು ಹೇಳಿದ್ದು ಬೇರೆಯವರಿಗೆ.

ಅದು ಶುರುವಾದದ್ದು ಬೋರ್ಡಿಂಗಿನ ಊಟದ ಹಾಲಿನಲ್ಲಿ. ಅಪ್ಪನಿಗೆ ಮಗಳು ಇಂಗ್ಲಿಷ್ ಕಲಿಯಬೇಕೆಂಬ ಹಟ. ಲಿಂಬಿ ತೋಟದಿಂದ ನನ್ನನ್ನು ಎತ್ತಿಕೊಂಡು ಹೋಗಿ ಧಾರವಾಡದ ಕಡೆಯ ಒಂದು ಕಾನ್ವೆಂಟಿನಲ್ಲಿ ಬಿಟ್ಟು ಬಂದ. ಆಗ ನನಗೆ ಹನ್ನೊಂದು ವರ್ಷ. ಜೊತೆಗೆ ಒಂದು ಟ್ರಂಕು, ಒಂದು ಚೀಲ ಲಿಂಬಿಹಣ್ಣು. ಮೊದಲ ವಾರವೇ ನನ್ನ "ಐತಿ" ಇಡೀ ಡಾರ್ಮಿಟರಿಯ ತಮಾಷೆಯಾಯಿತು. ನಾನು ಬಾಯಿ ತೆರೆದರೆ ಸಾಕು, ಹುಡುಗಿಯರು ಸಾಲಾಗಿ "ಐತಿ, ಐತಿ" ಎಂದು ಕುರಿ ಕೂಗಿದ ಹಾಗೆ ಕೂಗುತ್ತಿದ್ದರು. ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ.

ಊಟದ ಹಾಲಿನಲ್ಲಿ ಎರಡು ಉದ್ದನೆಯ ಟೇಬಲ್ಲುಗಳು, ಒಂದು ವೆಜ್, ಇನ್ನೊಂದು ನಾನ್‌ವೆಜ್. ನಾನ್‌ವೆಜ್ ಟೇಬಲ್ಲಿನ ಕಟ್ಟಕಡೆಗೆ, ನಡುವೆ ನಾಲ್ಕು ಕುರ್ಚಿ ಖಾಲಿ ಬಿಟ್ಟು, ಒಬ್ಬ ಹುಡುಗಿ ಒಬ್ಬಳೇ ಕೂಡುತ್ತಿದ್ದಳು. ಕಡಲ ದಂಡೆಯ ಮೀನುಗಾರರ ಮನೆಯವಳು. ಅವರ ಊರಿನ ಚರ್ಚಿನ ಫಾದರ್ ಶಿಫಾರಸು ಮಾಡಿ ಸೇರಿಸಿದ್ದರಂತೆ. ಅವಳ ಟ್ರಂಕು ಒಣಮೀನು ನಾರುತ್ತದೆಂದು ಯಾರೂ ಹತ್ತಿರ ಕೂಡುತ್ತಿರಲಿಲ್ಲ. ನಾರುತ್ತಿತ್ತು, ನಿಜವೇ. ಆದರೆ ಅವಳು ತಲೆ ತಗ್ಗಿಸಿ ಉಣ್ಣುತ್ತಿರಲಿಲ್ಲ. ಹಾಲಿನ ದೊಡ್ಡ ಕಿಟಕಿಯ ಕಡೆಗೆ ಮುಖ ಮಾಡಿ, ಅಲ್ಲಿ ಏನೋ ಬರುವುದಿದೆ ಎಂಬಂತೆ ನೋಡುತ್ತ ಉಣ್ಣುತ್ತಿದ್ದಳು.

ಒಂದು ದಿನ ಸಿಸ್ಟರ್ ನನ್ನ ಭುಜ ಹಿಡಿದು "ವೆಜಿಟೇರಿಯನ್, ಅಲ್ಲವೇ?" ಎಂದು ನಮ್ಮ ಟೇಬಲ್ಲಿನ ಕಡೆ ತಿರುಗಿಸಿದರು. "ನೋ ಸಿಸ್ಟರ್, ನಾನ್‌ವೆಜ್" ಎಂದೆ. ಬಹುಶಃ ಅದು ನಾನು ತಪ್ಪಿಲ್ಲದೆ ಆಡಿದ ಮೊದಲ ಇಂಗ್ಲಿಷ್ ವಾಕ್ಯ. ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕೂತೆ.

ಐದು ವರ್ಷ ಅಲ್ಲೇ ಕೂತೆ. ಅನ್ನ, ಬೇಳೆ, ಮೇಲೆ ನನ್ನ ಲಿಂಬಿಹಣ್ಣಿನ ರಸ, ಅದೇ ನನ್ನ ಊಟ. ತಾಟಿನಲ್ಲಿ ಬಿದ್ದ ಮೀನಿನ ತುಂಡನ್ನು ಅವಳ ತಾಟಿಗೆ ದಾಟಿಸುತ್ತಿದ್ದೆ.

"ಎಂತಕ್ಕೆ ತಿಂಬುದಿಲ್ಲ ನೀನು?" ಎಂದು ಅವಳು ಕೇಳಿದ್ದು ಮೊದಲ ತಿಂಗಳಲ್ಲೇ.

"ಮನ್ಯಾಗ ಎಲ್ಲಾ ತಿಂತೇವಿ. ಇಲ್ಲೀದು ಸೇರಂಗಿಲ್ಲ ನನಗ."

ಅವಳು ಆ ತುಂಡನ್ನು ಮೂಸಿ ನೋಡಿ, ತಿಳಿದವಳ ಹಾಗೆ ತಲೆ ಆಡಿಸಿದಳು. "ನಾಲ್ಕು ದಿನದ ಹಳತು ಮಾರಾಯ್ತಿ ಇದು. ನಿನಗೆ ಸೇರದೇ ಇರೋದು ಸರಿಯೇ. ನಮ್ಮ ಬಂದರಿಂದು ತಿನ್ನಿಸ್ತೆ ತಡಿ, ಆಮೇಲೆ ಹೇಳು."

ಅವಳು ನನ್ನ "ಐತಿ"ಗೆ ನಗುತ್ತಿದ್ದಳು, ನಾನು ಅವಳ "ಎಂತ"ಕ್ಕೆ. ನಾವಿಬ್ಬರೇ ನಕ್ಕರೆ ನೋಯುತ್ತಿರಲಿಲ್ಲ.

ಶಾಲೆಯ ಕೊನೆಯ ದಿನ ಅವಳನ್ನು ಕರೆದೊಯ್ಯಲು ಅವಳ ತಾಯಿ ಬಂದಿದ್ದಳು. ಎತ್ತರದ ಹೆಂಗಸು, ಮೊಣಕಾಲಿನ ಕೆಳಗೆ ಬಿಗಿದು ಉಟ್ಟ ಸೀರೆ, ಬಿಸಿಲಿಗೆ ಸುಟ್ಟ ತೋಳು. ಸಿಸ್ಟರುಗಳ ನಡುವೆ ನಿಂತು ನನ್ನನ್ನು ಹುಡುಕಿ, "ನನ್ ಮಗಳ ಬದಿಗೆ ಕೂತ ಹುಡುಗಿ ನೀನೇಯಾ?" ಎಂದು ನನ್ನ ಕೈಯಲ್ಲಿ ಒಂದು ತಗಡಿನ ಡಬ್ಬಿ ಇಟ್ಟಳು. ಆ ಕೈ ಹಿಡಿದುಕೊಂಡು "ನಾವು ತಿನ್ನುವುದಿಲ್ಲ" ಎನ್ನುವುದು ಹೇಗೆ? ಡಬ್ಬಿ ಅಲುಗಾಡಿತು. ಸರಪರ.

ಇಂಡಿಗೆ ಬಂದಾಗ ಅವ್ವ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಮೂಗಿಗೆ ಸೆರಗು ಹಿಡಿದು ಕಟ್ಟೆಯ ಮೇಲೆಯೇ ಮುಚ್ಚಳ ತೆಗೆದು ನೋಡಿದಳು. ನಾನು ಬೈಗುಳಕ್ಕೆ ಕಾದು ನಿಂತಿದ್ದೆ. ಅವ್ವ ಬಹಳ ಹೊತ್ತು ನೋಡುತ್ತಲೇ ಇದ್ದಳು.

"ತಲಿ ತಗದಾಳ, ಬಾಲ ತಗದಾಳ. ಒಂದ ಹರಳಿಲ್ಲ, ಉಸುಕಿಲ್ಲ. ಎಷ್ಟ ಹೊತ್ತ ಕುಂತ ಹಸನ ಮಾಡ್ಯಾಳೇನ ಪಾಪ" ಎಂದಳು. ಆಮೇಲೆ, "ತಿಪ್ಪಿಗೆ ಒಗೀಬ್ಯಾಡ. ಜೀಂವ ಇದ್ದದ್ದು, ಮ್ಯಾಲ ಪ್ರೀತೀಲೆ ಕೊಟ್ಟದ್ದು. ಬಾವಿ ಕಡೆ ಗಿಡದ ಬುಡಕ್ಕ ಹಾಕು."

ಸಾಲೋಟಗಿ ರಸ್ತೆಯ ನಮ್ಮ ತೋಟದಲ್ಲಿ ಬಾವಿಯ ಪಕ್ಕ ಒಂದು ಲಿಂಬಿ ಗಿಡ ಇತ್ತು. ನೆಟ್ಟು ಮೂರು ವರ್ಷವಾದರೂ ಮೊಣಕಾಲೆತ್ತರ ಏರದ ಗಿಡ. ಅದರ ಬುಡ ಅಗೆದು ಸಿಗಡಿ ಸುರಿದು ಮಣ್ಣು ಮುಚ್ಚಿದೆವು. ಅವ್ವ ಕೈ ಮುಗಿದಳು. ನಾನೂ ಮುಗಿದೆ.

ನಂತರ ಒಂದು ಥ್ಯಾಂಕ್ ಯು ನೋಟ್ ಬರೆಯಬೇಕಿತ್ತು. ಕಾನ್ವೆಂಟು ನನಗೆ ಕಲಿಸಿದ ವಿದ್ಯೆಯಲ್ಲಿ ಅದೂ ಒಂದು: ಉಡುಗೊರೆ ಬಂದರೆ ಮೂರು ದಿನದೊಳಗೆ ಪತ್ರ, ಪತ್ರದಲ್ಲಿ ಉಡುಗೊರೆಯನ್ನು ಹೇಗೆ ಬಳಸಿದೆವೆಂಬ ವಿವರ. ಬರೀ "ಚೆನ್ನಾಗಿತ್ತು" ಎಂದರೆ ಬ್ಯಾಡ್ ಮ್ಯಾನರ್ಸ್. ಹಾಗಾಗಿ ವಿವರ ಬರೆದೆ. ನನಗೆ ಗೊತ್ತಿದ್ದ ಅಡುಗೆ ಎಂದರೆ ಅವ್ವನ ಬದನೆಕಾಯಿ ಎಣ್ಣೆಗಾಯಿ. ಅದರೊಳಗೇ ಸಿಗಡಿಯನ್ನು ಕೂಡಿಸಿದೆ. ಎಳೆಯ ಬದನೆಕಾಯಿಯನ್ನು ನಾಲ್ಕು ಸೀಳಿ, ಹುರಿದ ಶೇಂಗಾ ಪುಡಿ, ಗುರೆಳ್ಳು ಪುಡಿ, ಕೆಂಪು ಖಾರ, ಚೂರು ಬೆಲ್ಲ, ಇವುಗಳ ಜೊತೆಗೆ ನೀವು ಕಳಿಸಿದ ಸಿಗಡಿಯನ್ನು ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸಿ, ಮೇಲೆ ನಮ್ಮ ತೋಟದ ಲಿಂಬಿ ಹಿಂಡಿ ಅವ್ವ ಮಾಡಿದಳು. ಅಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ. ಹೀಗೆ ಎರಡು ಪುಟ. ಒಳ್ಳೆಯ ಇಂಗ್ಲಿಷು. ಸಿಸ್ಟರ್ ನೋಡಿದ್ದರೆ ವೆರಿ ಗುಡ್ ಹಾಕುತ್ತಿದ್ದರು.

ಮರುವರ್ಷ ಡಬ್ಬಿ ಮತ್ತೆ ಬಂತು. ಅದರ ಮರುವರ್ಷವೂ ಬಂತು.

ಪ್ರತಿ ಸಲ ಒಂದು ಪತ್ರ. ಒಮ್ಮೆ ಚಿಕ್ಕಪ್ಪ ಡಬ್ಬಿಯ ಅರ್ಧ ಕದ್ದನೆಂದು ಬರೆದೆ, ಒಮ್ಮೆ ಸಜ್ಜೆ ರೊಟ್ಟಿಯ ಜೊತೆ ಬಹಳ ಹೊಂದಿತೆಂದು. ಅವಳು ಆ ಪತ್ರಗಳನ್ನು ತಾಯಿಗೆ ತಮ್ಮ ಮಾತಿನಲ್ಲಿ ಓದಿ ಹೇಳುತ್ತಿದ್ದಳು. "ಆಯಿ ಇನ್ನೊಂದ್ಸಲ ಓದು ಅಂತಾಳೆ" ಎಂದು ಉತ್ತರ ಬರುತ್ತಿತ್ತು. ಈಗ ನಿಜ ಹೇಳೋಣ ಎಂದು ಕೂತ ದಿನ ಇಲ್ಲವೆಂದಲ್ಲ. ಆದರೆ ಒಂದನೇ ಪತ್ರದ ಸುಳ್ಳನ್ನು ಹೇಳಬೇಕಾದರೆ ಎರಡನೆಯದರದ್ದೂ ಹೇಳಬೇಕು. ಐದನೆಯ ವರ್ಷಕ್ಕೆ ಅದು ಪತ್ರದಲ್ಲಿ ಹಿಡಿಸದಷ್ಟು ಉದ್ದವಾಗಿತ್ತು. ಒಮ್ಮೆಯೂ ಹೋಗಿ ಬರಲೂ ಇಲ್ಲ. ಹೋದರೆ ಉಣ್ಣಲು ಬಡಿಸುತ್ತಾರಲ್ಲ.

ಈ ನಡುವೆ ನನ್ನ ಬದುಕೂ ನಡೆಯಿತು. ವರಗಳು ಬಂದವು. ಸಿಂದಗಿಯವರು ಬಂದರು, ಮುದ್ದೇಬಿಹಾಳದವರು ಬಂದರು. ಎಲ್ಲರೂ ನನ್ನ ಇಂಗ್ಲಿಷ್ ಕೇಳಿ ಸಂತೋಷಪಟ್ಟು, ಚಹಾ ಕುಡಿದು, ಹೋಗುವಾಗ ಅವ್ವನನ್ನು "ರೊಟ್ಟಿ ಬಡೀತಾಳಲ್ಲರಿ?" ಎಂದು ಕೇಳಿ ಹೋದರು. ಯಾರೂ ತಿರುಗಿ ಬರಲಿಲ್ಲ. ರೊಟ್ಟಿ ನನಗೆ ಚೆನ್ನಾಗಿಯೇ ಬರುತ್ತದೆ. ಅದನ್ನು ಅವರಿಗೆ ತೋರಿಸುವ ಅವಕಾಶ ಬರಲಿಲ್ಲ, ಅಷ್ಟೇ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದೆ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಉಳಿದೆ. ಬಾವಿಯ ಪಕ್ಕದ ಗಿಡ ಮಾತ್ರ ತೋಟದ ಉಳಿದೆಲ್ಲ ಗಿಡಗಳನ್ನು ಹಿಂದೆ ಹಾಕಿ ಬೆಳೆಯಿತು. ತೋಟದಲ್ಲಿ ಬಿದ್ದ ಹಣ್ಣು ಆರಿಸಲು ಬರುವ ಹೆಂಗಸರು ಮೊದಲು ಅದರ ಬುಡಕ್ಕೇ ಓಡುತ್ತಿದ್ದರು.

ಅವಳ ಆಯಿಗೆ ಕಣ್ಣು ಮಂಜಾದ ಮೇಲೆ ಡಬ್ಬಿ ನಿಂತಿತು. ಕೊನೆಯ ಡಬ್ಬಿ ಬಂದ ವರ್ಷ ನಮ್ಮ ಅವ್ವ ತೀರಿದ್ದಳು. ಅದನ್ನು ತೆರೆಯಲು ಮನಸ್ಸಾಗದೆ, ಹಾಗೇ ಗಿಡದ ಬುಡದಲ್ಲಿ ಇಟ್ಟು ಮಣ್ಣೆಳೆದೆ. ಪತ್ರಗಳು ಹೊಸ ವರ್ಷದ ಕಾರ್ಡುಗಳಾದವು, ಕಾರ್ಡುಗಳು ಯಾವಾಗಲಾದರೊಮ್ಮೆ ಬರುವ ಫೋನ್ ಕಾಲುಗಳಾದವು. "ಆಯಿ ಹೋದ್ಲು" ಎಂದು ಅವಳು ಹೇಳಿದ್ದು ಫೋನಿನಲ್ಲೇ. ಆಗಲೂ ನಾನು ಸಾರಿ ಎಂದೆನೇ ಹೊರತು ಬೇರೇನೂ ಹೇಳಲಿಲ್ಲ.

ಹೋದ ವರ್ಷ ಅಣ್ಣನ ಮಗ ಹಳೆಯ ಲಿಂಬಿ ಗಿಡಗಳನ್ನು ಕೀಳಿಸಿ ದಾಳಿಂಬೆ ಹಾಕಲು ನಿಶ್ಚಯಿಸಿದ. ತಪ್ಪೇನಿಲ್ಲ, ಗಿಡಗಳಿಗೂ ವಯಸ್ಸಾಗಿತ್ತು. ನಾನು ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದಾಗ ಜೆಸಿಬಿಯ ಡ್ರೈವರ್, ನನ್ನ ಹಳೆಯ ವಿದ್ಯಾರ್ಥಿ, ತುಕ್ಕು ಹಿಡಿದ ಏನನ್ನೋ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

"ಟೀಚರ್ರ, ಬಾವಿ ಕಡೆ ಗಿಡದ ಬುಡಕ್ಕ ಸಿಕ್ಕೈತ್ರಿ. ಬಂಗಾರ ಇರಬೇಕ್ರಿ ಮತ್ತ. ನನಗೂ ಪಾಲ ಕೊಡ್ರಿ."

ಅಣ್ಣನ ಮಗ ನಗುತ್ತ ಬಂದು ಕೊಡಲಿಯ ಹಿಂಬದಿಯಿಂದ ಬಡಿದು ತೆರೆದ. ಒಳಗೆ ಕರಿ ಮಣ್ಣಿನಂಥ ಪುಡಿ. "ಅತ್ತಿ, ಏನ್ ಇದು?" ಎಂದ. ಡಬ್ಬಿ ಇಸಿದುಕೊಂಡು ಅಲುಗಾಡಿಸಿದೆ. ಸಪ್ಪಳವಿರಲಿಲ್ಲ. ಈ ಪುಡಿ ಏನೆಂದು ತಿಳಿದವಳು ಇನ್ನು ನಾನೊಬ್ಬಳೇ. ವಿಳಾಸ ಬರೆದು ಕಳಿಸುತ್ತಿದ್ದ ಗೆಳತಿ ಬದುಕಿದ್ದಾಳೆ, ಅವಳಿಗೆ ಗೊತ್ತಿರುವುದು ಬೇರೆಯೇ ಕತೆ. ಇಬ್ಬರಲ್ಲಿ ಒಬ್ಬರು ಹೋಗುವ ಮೊದಲು ಹೇಳಿಬಿಡಬೇಕು ಅನ್ನಿಸಿತು. ಫೋನಿನಲ್ಲಿ ಅಲ್ಲ, ಮುಖ ನೋಡಿ.

"ಈ ವಯಸ್ಸಿನ್ಯಾಗ ಒಬ್ಬಾಕೀನ ಸಮುದ್ರಕ್ಕ ಹೋಗ್ತಿಯೇನ?" ಎಂದು ಅಣ್ಣನ ಮಗ ತಡೆದ. "ಡೋಂಟ್ ಬಿ ಸಿಲ್ಲಿ, ಸಮುದ್ರಕ್ಕ ಅಲ್ಲ, ಗೆಳತಿ ಮನಿಗೆ" ಎಂದೆ. ಕಿತ್ತ ಗಿಡದ ಕೊನೆಯ ಹಣ್ಣುಗಳನ್ನು ಒಂದು ಬಟ್ಟೆ ಚೀಲದಲ್ಲಿ ತುಂಬಿಕೊಂಡೆ. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿ ಒಂದು ರಾತ್ರಿ ಲಾಡ್ಜು, ಬೆಳಗಿನ ಬಸ್ಸಿನಲ್ಲಿ ಘಟ್ಟ ಇಳಿದು ಕುಮಟಾ.

ಕುಮಟಾ ಎಂಬುದು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ ಹೆಸರು. ನಮ್ಮ ಅಜ್ಜ ಒಂದು ಜಾತಿಯ ಹತ್ತಿಗೇ ಕುಮಟಾ ಎನ್ನುತ್ತಿದ್ದ. ಅವನ ಅಪ್ಪನ ಕಾಲದಲ್ಲಿ ನಮ್ಮ ಕಡೆಯ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಈ ದಂಡೆಯಿಂದ ಹಡಗು ಹತ್ತುತ್ತಿತ್ತಂತೆ. ಅವಳ ಊರು ಅಲ್ಲಿಂದ ರಿಕ್ಷಾದಲ್ಲಿ ಅರ್ಧ ತಾಸು, ನದಿ ಸಮುದ್ರ ಸೇರುವಲ್ಲಿ. ಎಲ್ಲರೂ ಬರೀ ಬಂದರು ಎನ್ನುತ್ತಾರೆ, ಬಂದರಿನ ಕೆಲಸವೇನೂ ಈಗ ಅಲ್ಲಿ ಉಳಿದಿಲ್ಲವಾದರೂ. ಒಂದು ಹಳೆಯ ಕಸ್ಟಮ್ಸ್ ಕಟ್ಟಡ, ಅದರ ಹೆಂಚಿನ ಮೇಲೆ ಬೆಳೆದ ಆಲದ ಸಸಿ. ಕಿಟಕಿಗಳಿಲ್ಲದ ಉದ್ದನೆಯ ಗೋದಾಮು. ಯಾವುದನ್ನೂ ಕಟ್ಟಿಕೊಳ್ಳದ ಕಬ್ಬಿಣದ ಗೂಟಗಳು ಹಡಗು ನಿಲ್ಲುವ ಧಕ್ಕೆಯ ಉದ್ದಕ್ಕೂ ನಿಂತಿದ್ದವು. ದೊಡ್ಡ ಬೋಟುಗಳೆಲ್ಲ ಬೇರೆ ಕಡೆ ಹೋಗಿ, ಇಲ್ಲಿ ಹತ್ತೆಂಟು ದೋಣಿಗಳು ಮಗ್ಗುಲಾಗಿ ಮಲಗಿದ್ದವು. ಮಧ್ಯಾಹ್ನದ ಹೊತ್ತು, ಒಬ್ಬ ಮುದುಕ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತ ಕೂತಿದ್ದ, ನನ್ನ ಕಡೆ ತಲೆಯೆತ್ತಲಿಲ್ಲ. ನಮ್ಮ ಬಯಲಿನಲ್ಲಿ ದೂರದ ತನಕ ಏನೂ ಇಲ್ಲದಿದ್ದರೂ ಒಂದು ಜಾಲಿ ಗಿಡವಾದರೂ ಕಣ್ಣಿಗೆ ಆಸರೆಯಾಗುತ್ತದೆ. ಇಲ್ಲಿ ಸಮುದ್ರದ ಮೇಲೆ ಅದೂ ಇರಲಿಲ್ಲ. ಬೋರ್ಡಿಂಗಿನ ಕಿಟಕಿಯಲ್ಲಿ ಅವಳು ಹುಡುಕುತ್ತಿದ್ದದ್ದು ಇದನ್ನೇ ಇರಬೇಕು.

ಅವಳ ಮನೆ ಗೋದಾಮಿನ ಹಿಂದಿನ ಓಣಿಯಲ್ಲಿ. ಬರುತ್ತೇನೆಂದು ಫೋನ್ ಮಾಡಿದ್ದರಿಂದ ಬಾಗಿಲಲ್ಲೇ ನಿಂತಿದ್ದಳು. ತಾಯಿಯದೇ ಎತ್ತರ, ತಾಯಿಯದೇ ಸುಟ್ಟ ತೋಳು, ತಲೆ ಪೂರ್ತಿ ಬಿಳಿ. ಗಂಡ ತೀರಿ ಬಹಳ ವರ್ಷಗಳಾಗಿದ್ದವು. ಮಗ ದೋಣಿಯ ಮೇಲೆ ಹೋಗಿದ್ದ, ಸಂಜೆಗೆ ಬರುತ್ತಾನೆಂದಳು.

"ಅಂತೂ ಬಂದ್ಯಲ್ಲೆ" ಎಂದಳು. "ಐತಿ ಐತಿ ಅಂತ ಇನ್ನೂ ಹೇಳ್ತ್ಯಾ, ಬಿಟ್ಟಿದ್ಯಾ?"

"ಬಿಡ್ಲಿಕ್ಕೆ ಏನ್ ಐತಿ ಅದರಾಗ?" ಎಂದೆ.

ಇಬ್ಬರೂ ನಕ್ಕೆವು. ಮುದುಕಿಯಾದ ಮೇಲೆ ಯಾರೊಡನೆಯೂ ನಾನು ಹಾಗೆ ನಕ್ಕಿರಲಿಲ್ಲ. ಲಿಂಬಿಹಣ್ಣಿನ ಚೀಲ ಇಸಿದುಕೊಂಡು ಮುಖಕ್ಕೆ ಹಿಡಿದು ಮೂಸಿದಳು. "ಬೋರ್ಡಿಂಗಿನ ವಾಸನೆ" ಎಂದಳು.

ಒಳಗೆ ಚಾಪೆ ಹಾಕಿತ್ತು. ಬಾಳೆ ಎಲೆ ಹಾಕಿತ್ತು. ಕುಚ್ಚಲಕ್ಕಿ ಅನ್ನ ಬಡಿಸಿ, ಆಮೇಲೆ ಮುಚ್ಚಿದ ಪಾತ್ರೆಯೊಂದನ್ನು ತಂದು ನನ್ನ ಎದುರಿಗಿಟ್ಟು ಮುಚ್ಚಳ ತೆಗೆದಳು. ಎಳೆಯ ಬದನೆಕಾಯಿ, ನಾಲ್ಕು ಸೀಳಿದ್ದು. ಶೇಂಗಾ ಪುಡಿಯ ವಾಸನೆ, ಗುರೆಳ್ಳಿನ ವಾಸನೆ, ಅವ್ವನ ಅಡುಗೆಮನೆಯ ವಾಸನೆ. ಅದರ ಅಡಿಯಿಂದ ಮೆಲ್ಲಗೆ ಮೇಲೆದ್ದು ಬಂದದ್ದು ಪೋಸ್ಟ್‌ಮ್ಯಾನಿನ ಚೀಲದ ವಾಸನೆ.

"ಇಂಡಿ ಬದನೆಕಾಯಿ" ಎಂದಳು. "ಹಂಗೇ ಹೆಸರು ಇದಕ್ಕೆ ನಮ್ಮನೇಲಿ. ನಿನ್ನ ಮೊದಲ ಕಾಗದ ಓದಿ ಆಯಿ ಮಾಡಿದ್ದು. ಗುರೆಳ್ಳು ಇಲ್ಲಿ ಸಿಗ್ತಿರ್ಲಿಲ್ಲ, ಹುಬ್ಬಳ್ಳಿ ಲಾರಿಯವರ ಹತ್ರ ಹೇಳಿ ತರಿಸ್ತಿದ್ಲು. ಈಗ ಕೇರಿಯವ್ರೆಲ್ಲ ಮಾಡ್ತಾರೆ. ಯಾರ ಮನೆಗೆ ನೆಂಟರು ಬಂದ್ರೂ ಇಂಡಿ ಬದನೆಕಾಯಿ. ಆಯಿ ಕೊನೆಗೆ ಬರೀ ಗಂಜಿ ಕುಡೀತಿದ್ಲಲ್ಲ, ಆಗ್ಲೂ ಇದರದ್ದೊಂದು ಚೂರು ನಾಲಿಗೆಗೆ ಸವರು ಅಂತಿದ್ಲು. ತಿಂದು ಹೇಳು, ನಿಮ್ಮವ್ವನ ಕೈ ರುಚಿ ಬಂದದ್ಯಾ?"

ಒಂದು ಕಾಯಿ ನನ್ನ ಎಲೆಗೆ ಬಡಿಸಿ ಅವಳು ಎದುರಿಗೆ ಕೂತಳು. ಗದ್ದಕ್ಕೆ ಕೈ ಕೊಟ್ಟು, ನನ್ನ ಬಾಯಿಯನ್ನೇ ನೋಡುತ್ತ.

ತಿಂದುಬಿಡಬಹುದಿತ್ತು. ಒಂದು ತುತ್ತು. ಅರುವತ್ತು ವರ್ಷದ ಸುಳ್ಳು ಒಂದು ತುತ್ತಿನಲ್ಲಿ ನಿಜವಾಗಿಬಿಡುತ್ತಿತ್ತು. ಕೈ ಎಲೆಯವರೆಗೆ ಹೋಯಿತು, ಬದನೆಕಾಯಿಯ ತೊಟ್ಟು ಮುಟ್ಟಿತು, ಅಲ್ಲೇ ನಿಂತಿತು. ಇದು ಮಡಿಯಲ್ಲ, ಮೈಲಿಗೆಯಲ್ಲ. ಎಪ್ಪತ್ತು ವರ್ಷದ ಬಾಯಿ ಅದು, ಅದನ್ನು ಒಪ್ಪಿಸಲಾಗಲಿಲ್ಲ.

ಅವಳು ನನ್ನ ಕೈ ನೋಡಿದಳು. ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿ ಹಣೆ ಬಡಿದುಕೊಂಡಳು.

"ಅಯ್ಯ, ಇವತ್ತು ಸೋಮವಾರ. ಮರ್ತೇಹೋಯ್ತು ಕಾಣು ನಂಗೆ. ನೀವು ಸೋಮವಾರ ತಿಂಬುದಿಲ್ಲ ಅಲ್ಲ? ಮೊದಲೇ ಹೇಳೂಕೆ ಎಂತ ನಿಂಗೆ?"

ಅವಳೇ ಬಾಗಿಲು ತೆರೆದು ಹಿಡಿದಿದ್ದಳು. ಹೌದು ಎಂದರೆ ಸಾಕಿತ್ತು. ಸೋಮವಾರ ಎಂದು ಮೊಸರನ್ನ ಉಂಡು, ಸಂಜೆ ದಂಡೆಯಲ್ಲಿ ತಿರುಗಾಡಿ, ಇನ್ನೊಂದು ಡಬ್ಬಿ ಹಿಡಿದುಕೊಂಡು ಊರಿಗೆ ಬರಬಹುದಿತ್ತು.

"ಸೋಮವಾರ ಅಂತಲ್ಲ" ಎಂದೆ. "ನಾ ಎಂದೂ ತಿಂದಿಲ್ಲ. ನಮ್ಮ ಮನ್ಯಾಗ ಯಾರೂ ತಿಂದಿಲ್ಲ."

ಅವಳಿಗೆ ತಕ್ಷಣ ತಿಳಿಯಲಿಲ್ಲ. ನಕ್ಕಳು. ನಂತರ ನಗು ಅಲ್ಲೇ ಮುಖದ ಮೇಲೆ ಉಳಿದು, ಕಣ್ಣು ಮಾತ್ರ ಬದಲಾಯಿತು.

"ಡಬ್ಬಿ ಕಳಿಸಿದ್ದು?"

"ಲಿಂಬಿ ಗಿಡದ ಬುಡಕ್ಕ ಹಾಕಿದ್ವಿ."

"ಎಲ್ಲದೂ?"

"ಎಲ್ಲದೂ."

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು.

"ಗಿಡ ಎಂತ ಹೇಳ್ತು?" ಎಂದಳು. "ರುಚಿಯಾಗಿತ್ತಂತಾ?"

ನಾನು ಎಲೆಯ ಅಂಚಿನ ಅಗುಳುಗಳನ್ನು ಒಳಕ್ಕೆ ಸರಿಸಿದೆ.

"ಆಯಿ ಒಂದೊಂದೇ ಶೆಟ್ಲಿ ಹಿಡ್ದು ತಲೆ ಮುರಿದು, ಬಾಲ ಮುರಿದು, ದೊಡ್ಡದೇ ಆರಿಸಿ ಇಡ್ತಿದ್ಲು. ಇಂಡಿಯವ್ರಿಗೆ ಅಂತ. ಸಣ್ಣದು ನಮಗೆ. ಗಿಡಕ್ಕೆ ಅಂತ ಗೊತ್ತಿದ್ರೆ ಗೊಬ್ಬರದ ಮೀನೇ ಒಂದು ಚೀಲ ಕಳಿಸ್ತಿದ್ಲು ಮಾರಾಯ್ತಿ. ಕೆಲಸ ಕಡ್ಮೆ ಆಗ್ತಿತ್ತು."

ಪಾತ್ರೆಯ ಮುಚ್ಚಳ ಮುಚ್ಚಿ ಒಳಗೊಯ್ದಳು. ಹೊಸ ಎಲೆ ಹಾಕಿ, ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಬಡಿಸಿದಳು. "ಉಣ್ಣು. ಇದರಲ್ಲಿ ಎಂತದೂ ಇಲ್ಲ" ಎಂದಳು. ಉಂಡೆ. ಬೋರ್ಡಿಂಗಿನ ಟೇಬಲ್ಲಿನಲ್ಲಿ ಉಂಡ ಹಾಗೆಯೇ, ಬರೀ ಅನ್ನ. ಈ ಸಲ ಪಕ್ಕದಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಅವಳು ತನಗೆ ಬಡಿಸಿಕೊಳ್ಳಲಿಲ್ಲ.

ಊಟವಾದ ಮೇಲೆ "ಬಿಸಿಲು ಇಳಿಯೋದ್ರೊಳಗೆ ಮೀನು ತಿರುವಿ ಹಾಕ್ಬೇಕು" ಎಂದು ಲಿಂಬಿಹಣ್ಣಿನ ಚೀಲವನ್ನೂ ಎತ್ತಿಕೊಂಡು ಹೊರಟಳು. ಏಕೆ ಎತ್ತಿಕೊಂಡಳೋ, ಬಹುಶಃ ಕೈಗೆ ಸಿಕ್ಕಿತೆಂದು. ನಾನು ಹಿಂದೆ ನಡೆದೆ. ಗೋದಾಮಿನ ಹಿಂದಿನ ಬಯಲಿನಲ್ಲಿ ಚಾಪೆಗಳ ಸಾಲು, ಚಾಪೆಗಳ ಮೇಲೆ ಬೆಳ್ಳಗಿನ ಸಣ್ಣ ಮೀನುಗಳು. ನೂರು ವರ್ಷದ ಹಿಂದೆ ನಮ್ಮ ಹತ್ತಿಯ ಮೂಟೆಗಳನ್ನು ಹಡಗು ಬರುವ ತನಕ ಇಳಿಸಿಡುತ್ತಿದ್ದದ್ದು ಇದೇ ಅಂಗಳದಲ್ಲಂತೆ. ಅದನ್ನು ಅವಳು ಪತ್ರದಲ್ಲಿ ಬರೆದಿದ್ದಳು. ಅವಳ ಪತ್ರಗಳಲ್ಲಿದ್ದದ್ದೆಲ್ಲ ನಿಜ.

ಚೀಲವನ್ನು ಮೋಟುಗೋಡೆಯ ಮೇಲಿಟ್ಟು, ಬಗ್ಗಿ ಮೀನು ತಿರುವತೊಡಗಿದಳು. ನಾನೂ ಬಗ್ಗಲು ಹೋದೆ. "ನೀ ಮುಟ್ಟಬೇಡ" ಎಂದಳು. ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೂ ಅಲ್ಲ. ಗೋಡೆಯ ಮೇಲೆ ಕೂತೆ. ಒಂದು ಚಾಪೆ ಮುಗಿಸಿ ಎರಡನೆಯದಕ್ಕೆ ಹೋದಳು.

"ಕಾಗದದಲ್ಲಿ ಬರ್ದದ್ದು ಯಾವ್ದಾದ್ರೂ ನಿಜ ಅದ್ಯಾ?" ಎಂದು ಬಗ್ಗಿದಲ್ಲಿಂದಲೇ ಕೇಳಿದಳು.

"ಮಳಿ ಬಂದದ್ದು. ಪರೀಕ್ಷಾ ಪಾಸಾದದ್ದು. ಅವ್ವ ಹೋದದ್ದು" ಎಂದೆ. "ನಿನ್ನ ನೆನಪಾಗತೈತಿ ಅಂತ ಬರ್ದದ್ದು."

ಎರಡನೆಯ ಚಾಪೆ ಮುಗಿಯಿತು.

"ಆಯಿಯ ಶೆಟ್ಲಿ ಹೋಯ್ತು ಅಂತ ನಂಗೆ ಬೇಜಾರಿಲ್ಲ" ಎಂದಳು. ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತಳು. "ಬೋರ್ಡಿಂಗಿನಲ್ಲಿ ನನ್ನ ಬದಿಗೆ ಕೂತ್ಯಲ್ಲ. ನಂಗೆ ಅಂದಾಜು, ಇವಳೂ ನಮ್ಮ ಹಾಗೆ ಮೀನು ತಿಂಬವಳು, ಅದಕ್ಕೇ ಬಂದು ಕೂತ್ಲು ಅಂತ. ಅದಕ್ಕೆ ನಂಗೆ ಎಷ್ಟು ಧೈರ್ಯ ಬಂದಿತ್ತು. ಹಂಗಾರೆ ನೀ ಕೂತದ್ದು ಕನಿಕರಕ್ಕೆ."

ಅಲ್ಲ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಇಂಗ್ಲಿಷ್ ಬಂತು, ಐ ವಾಸ್ ಲೋನ್ಲಿ ಟೂ. ಮೀನಿನ ಬಯಲಿನಲ್ಲಿ ನಿಂತು ಅದನ್ನು ಹೇಳಲು ನಾಚಿಕೆಯಾಯಿತು. ಪತ್ರದ ಮಾತು ಅದು. ಎರಡು ಪುಟ ಸುಳ್ಳು ಬರೆದ ಭಾಷೆಯಲ್ಲೇ ಈ ಒಂದು ನಿಜ ಹೇಳಿದರೆ ಅವಳು ನಂಬುವುದು ಹೇಗೆ? ಕನ್ನಡದಲ್ಲಿ ಹೇಳಲು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಕುಮಟಾಕ್ಕೆ ಒಯ್ಯಲು ಹೇಳಿಟ್ಟಿದ್ದ ರಿಕ್ಷಾದವನು ಓಣಿಯ ತುದಿಯಲ್ಲಿ ಹಾರ್ನ್ ಹೊಡೆದ. ರಾತ್ರಿ ಉಳಿಯುವುದೆಂದು ನಾನು ಅಂದುಕೊಂಡೇ ಇರಲಿಲ್ಲ; ಅವಳೂ ಉಳಿ ಎನ್ನಲಿಲ್ಲ.

"ಬರ್ತೇನಿ" ಎಂದೆ.

"ಹೂಂ. ಘಟ್ಟದ ಬಸ್ಸಲ್ಲಿ ಮುಂದಿನ ಸೀಟಿಗೆ ಕೂರು, ಹಿಂದೆ ಕೂತ್ರೆ ವಾಂತಿ ಬರ್ತದೆ" ಎಂದು ಮೂರನೆಯ ಚಾಪೆಗೆ ಬಗ್ಗಿದಳು.

ಊರಿಗೆ ಬಂದು ಪತ್ರ ಬರೆದೆ. ಮೊದಲ ಸಲ ಕನ್ನಡದಲ್ಲಿ. ಆ ದಿನ ಊಟದ ಹಾಲಿನಲ್ಲಿ ನನ್ನ ಪಕ್ಕದಲ್ಲಿಯೂ ಯಾರೂ ಇರಲಿಲ್ಲ, ನೀನು ಕಿಟಕಿ ನೋಡುತ್ತ ಉಣ್ಣುವುದನ್ನು ಕಂಡು ನನಗೂ ಆ ಕಡೆ ಕೂಡಬೇಕೆನಿಸಿತು, ನಿನಗಾಗಿ ಅಲ್ಲ, ನನಗಾಗಿ ಬಂದು ಕೂತೆ ಎಂದು. ಅರ್ಧ ಪುಟವೂ ಆಗಲಿಲ್ಲ. ಪತ್ರ ಹಾಕಿ ವರ್ಷವಾಗುತ್ತ ಬಂತು. ಉತ್ತರ ಬಂದಿಲ್ಲ. ಫೋನ್ ಮಾಡಬಹುದು, ಮಾಡಿಲ್ಲ. ಈಗಿನ ಪೋಸ್ಟ್‌ಮ್ಯಾನ್ ಮೋಟಾರ್ ಸೈಕಲ್ ಮೇಲೆ ಬರುತ್ತಾನೆ, ನಮ್ಮ ಬಾಗಿಲ ಮುಂದೆ ವೇಗ ಕಡಿಮೆ ಮಾಡುವುದಿಲ್ಲ. ಬಾವಿಯ ಪಕ್ಕದಲ್ಲಿ ದಾಳಿಂಬೆ ಸಸಿಗಳು ಮೊಣಕಾಲೆತ್ತರ ಬಂದಿವೆ.

ಆ ಸಂಜೆ ರಿಕ್ಷಾ ಧಕ್ಕೆಯ ಕಡೆಗೆ ತಿರುಗುವಾಗ ಕತ್ತು ಚಾಚಿ ಹಿಂದೆ ನೋಡಿದೆ. ಗೋದಾಮಿನ ಗೋಡೆ ಮುಗಿದಲ್ಲಿ ಆ ಬಯಲು ಒಂದು ಗಳಿಗೆ ಪೂರ್ತಿ ಕಾಣಿಸಿತು. ನಾನು ಕೂತಿದ್ದ ಮೋಟುಗೋಡೆಯ ಮೇಲೆ ಇಳಿಬಿಸಿಲು ನೇರ ಬೀಳುತ್ತಿತ್ತು, ಲಿಂಬಿಹಣ್ಣಿನ ಚೀಲ ಅಲ್ಲೇ ಇತ್ತು. ಅವಳು ಚಾಪೆ ಬಿಟ್ಟೆದ್ದು ಬಂದಳು. ಮೀನಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಚೀಲದ ಬಾಯಿ ಹಿಡಿದು ಎತ್ತಿ, ಗೋಡೆಯ ಆಚೆ ಬದಿಗೆ, ನೆರಳಿದ್ದ ಕಡೆ ಇಟ್ಟಳು. ಆಮೇಲೆ ತಿರುಗಿ ಮೀನಿನ ಕಡೆಗೆ ಹೋದಳು. ರಿಕ್ಷಾದ ಕಡೆ ನೋಡಲಿಲ್ಲ. ಅವಳನ್ನು ನಾನು ನೋಡಿದ್ದು ಅದೇ ಕೊನೆಯ ಸಲ.